ಫ್ರೆಂಚ್ ಓದಿದರೆ ತಿಳಿಯುತ್ತದೆ, ಕೇಳಿದರೆ ಏಕೆ ತಿಳಿಯುವುದಿಲ್ಲ?

ಎಂಟು ತಿಂಗಳು ಕಲಿತ ಮೇಲೂ ಫ್ರೆಂಚ್ ಪಾಠವನ್ನು ಓದಿದರೆ ಅರ್ಥವಾಗುತ್ತದೆ, ಅದನ್ನೇ ಕೇಳಿಸಿಕೊಂಡರೆ ಒಂದು ಪದವೂ ಬಿಡಿಯಾಗಿ ಕಿವಿಗೆ ಬೀಳುವುದಿಲ್ಲ, ವ್ಯಾಕರಣವನ್ನು ಬದಿಗಿಟ್ಟು ಬರೀ ಆಲಿಸುವುದನ್ನೇ ಅಭ್ಯಾಸ ಮಾಡಲೇ ಎಂದು ಕೇಳಿದ್ದೀರಿ. ಬೇಡ ಎನ್ನುತ್ತೇನೆ. ಬೆಂಗಳೂರಿನಲ್ಲಿ ಸಂಜೆಯ ತರಗತಿಗಳಿಗೆ ಹೋಗಿ ಕಲಿತ ನನಗೂ ಹೀಗೇ ಆಗಿತ್ತು. ಕಿವಿಯ ತೊಂದರೆ ಎಂದು ನಾನು ಭಾವಿಸಿದ್ದರಲ್ಲಿ ಹೆಚ್ಚಿನ ಪಾಲು ವ್ಯಾಕರಣದ್ದೇ ಆಗಿತ್ತು.

ಶಾಲೆಯಲ್ಲಿ ಕಲಿತ ಸಂಧಿಗಳನ್ನು ನೆನಪಿಸಿಕೊಳ್ಳಿ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಲೋಪವಾಗುವಂತೆ, ಫ್ರೆಂಚಿನಲ್ಲಿ ನಾಮಪದದ ಮುಂದೆ ಬರುವ ಪುಟ್ಟ ಪದ ‘ಲ’ ಮತ್ತು ಗೆಳೆಯ ಎಂಬರ್ಥದ ‘ಅಮಿ’ ಸೇರಿದಾಗ ಮೊದಲ ಪದದ ಸ್ವರ ಬಿದ್ದು ‘ಲಮಿ’ ಎಂದಾಗುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ಯಕಾರ ನುಸುಳುವಂತೆ, ಅವನ ಬಳಿ ಇದೆ ಎಂಬರ್ಥದ ‘ಇಲ್ ಆ’ ಎಂಬುದು ಪ್ರಶ್ನೆಯಾಗಿ ತಿರುಗಿದಾಗ ‘ಆತಿಲ್’ ಎಂದು ನಡುವೆ ತಕಾರ ಬರುತ್ತದೆ, ಅದಕ್ಕೆ ಅರ್ಥವನ್ನು ಹುಡುಕಬೇಡಿ. ನಮ್ಮಲ್ಲಿ ಇಲ್ಲದಿರುವುದು ಮೂರನೆಯ ಬಗೆ. ಬರವಣಿಗೆಯಲ್ಲಿದ್ದೂ ಮೂಕವಾಗಿದ್ದ ಕೊನೆಯ ‘ಎಸ್’ ಅಕ್ಷರ, ಮುಂದೆ ಸ್ವರ ಬಂದೊಡನೆ ‘ಜ಼’ ಎಂದು ಎಚ್ಚರಗೊಳ್ಳುತ್ತದೆ. ‘ಇಲ್ ಸೋಂ’ ಎಂದರೆ ಅವರು ಇದ್ದಾರೆ, ‘ಇಲ್ ಜ಼ೋಂ’ ಎಂದರೆ ಅವರ ಬಳಿ ಇದೆ. ಸಕಾರ, ಜ಼ಕಾರಗಳ ಭೇದವನ್ನು ಅಷ್ಟಾಗಿ ಗಮನಿಸದ ನಮ್ಮ ಕಿವಿಗೆ ಎರಡೂ ಒಂದೇ ಎನಿಸುತ್ತವೆ.

ಇನ್ನೂ ಆಳದ ತೊಡಕೊಂದಿದೆ. ಕನ್ನಡದಲ್ಲಿ ಯಾರು, ಎಷ್ಟು ಎಂಬುದೆಲ್ಲ ಪದದ ಕೊನೆಯಲ್ಲಿರುತ್ತದೆ: ‘ಮಾತಾಡುತ್ತೇನೆ’, ‘ಮಾತಾಡುತ್ತಾರೆ’, ‘ಪುಸ್ತಕಗಳು’. ಆದ್ದರಿಂದ ನಾವು ಅರಿಯದೆಯೇ ಕೊನೆಗೆ ಕಿವಿಗೊಡುತ್ತೇವೆ. ಫ್ರೆಂಚಿನಲ್ಲಿ ನಾನು, ನೀನು, ಅವರು ಎಂಬ ಮೂರಕ್ಕೂ ‘ಮಾತಾಡು’ ಎಂಬರ್ಥದ ಕ್ರಿಯಾಪದದ ಬರವಣಿಗೆ ಬೇರೆಬೇರೆಯಾದರೂ ಉಚ್ಚಾರ ‘ಪಾರ್ಲ್’ ಎಂಬುದೊಂದೇ. ಪುಸ್ತಕ ಒಂದಿರಲಿ, ಹತ್ತಿರಲಿ, ಕೇಳಿಸುವುದು ‘ಲೀವ್ರ್’ ಎಂದೇ. ವ್ಯತ್ಯಾಸವಿರುವುದು ಅದರ ಮುಂಚೆ ಸರಕ್ಕನೆ ಹಾದುಹೋಗುವ ಸರ್ವನಾಮದಲ್ಲಿ, ಇಲ್ಲವೇ ಏಕವಚನದ ‘ಲ’, ಬಹುವಚನದ ‘ಲೇ’ ಎಂಬ ಪುಟ್ಟ ಪದದಲ್ಲಿ. ಕೊನೆಯ ಬದಲು ಮುಂಚಿನ ಆ ಪುಟ್ಟ ಪದಕ್ಕೆ ಕಿವಿಯನ್ನು ಒಗ್ಗಿಸಲು ನನಗೆ ಹಲವು ತಿಂಗಳು ಬೇಕಾದವು.

ಲಿಂಗದ ವಿಷಯದಲ್ಲಿ ಕನ್ನಡದ ನೆರವು ಸಿಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಮೇಜು ನಪುಂಸಕ, ಅಲ್ಲಿ ಸ್ತ್ರೀಲಿಂಗ. ಪ್ರತಿ ನಾಮಪದವನ್ನೂ ಪುಲ್ಲಿಂಗದ ‘ಅಂ’ ಅಥವಾ ಸ್ತ್ರೀಲಿಂಗದ ‘ಯೂನ್’ ಸೇರಿಸಿಯೇ ಕಲಿಯಿರಿ. ಪುಸ್ತಕದ ಭಾಷೆಗೂ ಆಡುಮಾತಿಗೂ ಇರುವ ಅಂತರ ನಮಗೆ ಹೊಸತೇನಲ್ಲ: ‘ಹೋಗುತ್ತೇನೆ’ ಎಂಬುದು ‘ಹೋಗ್ತೀನಿ’ ಆಗುವಂತೆ, ‘ನನಗೆ ಗೊತ್ತಿಲ್ಲ’ ಎಂಬ ಅರ್ಥದ ನಾಲ್ಕು ಪದಗಳ ವಾಕ್ಯ ಅಲ್ಲಿ ‘ಶೇ ಪಾ’ ಎಂದಷ್ಟೇ ಉಳಿಯುತ್ತದೆ.

ಅಭ್ಯಾಸಕ್ಕೆ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋ ಕಲಿಯುವವರಿಗಾಗಿ ಸರಳ ಫ್ರೆಂಚಿನಲ್ಲಿ ಪಠ್ಯಸಹಿತ ಕೊಡುವ 10 ನಿಮಿಷದ ಸುದ್ದಿ ಒಳ್ಳೆಯದು. ನಾನು ಅದರಲ್ಲಿ ಒಂದೇ ನಿಮಿಷವನ್ನು ಕೇಳಿ ಬರೆದು, ಪಠ್ಯದೊಂದಿಗೆ ಹೋಲಿಸಿ, ತಪ್ಪಿದಲ್ಲೆಲ್ಲ ಪದವೇ ತಿಳಿದಿರಲಿಲ್ಲವೋ, ತಿಳಿದ ಪದ ಸಂಧಿಯಲ್ಲಿ ಮರೆಯಾಗಿತ್ತೋ ಎಂದು ಗುರುತು ಹಾಕುತ್ತಿದ್ದೆ. ಎರಡನೆಯ ಬಗೆಯ ಗುರುತುಗಳೇ ಹೆಚ್ಚಿದ್ದರೆ ಹೊಸ ಪದಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಟ್ಟು, ಅದೇ ನಿಮಿಷವನ್ನು ಮತ್ತೆ ಮೂರು ನಾಲ್ಕು ಸಲ ಕೇಳಿ.