ಕೋಲೊ ಕಣಿವೆಯಲ್ಲಿ ರಾತ್ರಿ ತಂಗುವ ಮುನ್ನ

ಪ್ರಶ್ನೆ: ಸಿಡ್ನಿಯಲ್ಲಿರುವ ನಾವು ವೊಲೆಮೈ ರಾಷ್ಟ್ರೀಯ ಉದ್ಯಾನದ ಕೋಲೊ ನದಿಯ ದಡದಲ್ಲಿ ಒಂದು ರಾತ್ರಿ ತಂಗಬೇಕೆಂದಿದ್ದೇವೆ. ಮುಖ್ಯವಾಗಿ ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ನದಿಗೇ. ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಮೇಲೆಲ್ಲೋ ಸುರಿದ ಮಳೆ ಆ ಮರಳುಗಲ್ಲಿನ ಕಮರಿಯಲ್ಲಿ ನೀರನ್ನು ಏರಿಸಬಲ್ಲದು; ಆದ್ದರಿಂದ, ಹಿಂದಿನ ಪ್ರವಾಹ ಪೊದೆಗಳಿಗೆ ಸಿಕ್ಕಿಸಿಹೋದ ಕಸಕಡ್ಡಿಯ ಮಟ್ಟವನ್ನು ನೋಡಿಕೊಂಡು, ಅದಕ್ಕಿಂತ ಎತ್ತರದಲ್ಲಿ ಡೇರೆ ಹಾಕಿ. ನೀರಂಚಿನಲ್ಲಿ ಹೂಳುಮರಳೂ ಉಂಟು. ಕಾಲು ಹೂತರೆ ಜಗ್ಗಾಡದೆ, ಬೆನ್ನುಚೀಲ ಕಳಚಿ, ಹಿಂದಕ್ಕೆ ಒರಗಿ, ಕಾಲನ್ನು ನಿಧಾನವಾಗಿ ಅಲುಗಾಡಿಸುತ್ತ ಬಿಡಿಸಿಕೊಳ್ಳಬೇಕು. ಬೆಂಕಿ ನಿಷೇಧದ ದಿನಗಳಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಚಪಾತಿ, ಚಟ್ನಿಪುಡಿಯ ಜೊತೆಗೆ ನೀರು ಶುದ್ಧೀಕರಿಸುವ ಮಾತ್ರೆಗಳೂ ಇರಲಿ. ಕಣಿವೆಯೊಳಗೆ ಮೊಬೈಲನ್ನು ನಂಬಲಾಗದು. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ತುರ್ತು ಬೀಕನ್ ಇಲ್ಲದೆ ದಯವಿಟ್ಟು ಇಳಿಯಲೇಬೇಡಿ.