ಓದುಗರ ಪ್ರಶ್ನೆ: ನೀರಡಿಯ ಯುದ್ಧ, ಬ್ಯಾಟರಿಯ ಲೆಕ್ಕ

ಪ್ರಶ್ನೆ: 1971ರ ಯುದ್ಧದಲ್ಲಿ ನಮ್ಮ ಸಬ್‌ಮರೀನ್‌ಗಳಾದ ಕುರ್ಸುರಾ, ಕಾರಂಜ್ ಎರಡೂ ಅರಬ್ಬಿ ಸಮುದ್ರದಲ್ಲೇ ಇದ್ದವಂತೆ. ಆದರೂ ಒಂದು ಹಡಗನ್ನೂ ಮುಳುಗಿಸಲಿಲ್ಲ ಏಕೆ? (ಡೊಂಬಿವಲಿಯ ಓದುಗರು)

ಉತ್ತರ: ಆಯುಧಕ್ಕೇನೂ ಕೊರತೆ ಇರಲಿಲ್ಲ. ರಷ್ಯಾದಿಂದ ಬಂದ ಈ ಫಾಕ್ಸ್‌ಟ್ರಾಟ್ ವರ್ಗದ ಸಬ್‌ಮರೀನ್‌ಗೆ ಮುಂದೆ 6, ಹಿಂದೆ 4 ಟಾರ್ಪಿಡೊ (ನೀರೊಳಗೆ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ) ಕೊಳವೆ. ಒಟ್ಟು 22 ಟಾರ್ಪಿಡೊ ಹಿಡಿಸುತ್ತಿತ್ತು. ಕೈ ಕಟ್ಟಿದ್ದು ಅಪ್ಪಣೆ: ಶತ್ರುವಿನ ಹಡಗೇ ಎಂದು ಖಚಿತವಾಗದೆ ಹೊಡೆಯುವಂತಿಲ್ಲ. ಕರಾಚಿಗೂ ಪರ್ಶಿಯನ್ ಕೊಲ್ಲಿಗೂ ಹೋಗುವ ದಾರಿಯಲ್ಲಿ ಹತ್ತಾರು ದೇಶಗಳ ಸರಕು ಹಡಗುಗಳು ಓಡಾಡುತ್ತಿದ್ದವು. ನೀರೊಳಗಿನ ಸದ್ದು ಹಿಡಿಯುವ ಸೋನಾರ್‌ಗೆ ಕಿವಿಗೊಟ್ಟರೆ ಪ್ರೊಪೆಲರ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ಎಣಿಸಬಹುದು, ಬಾವುಟ ಯಾವುದೆಂದು ಕೇಳಿಸುವುದಿಲ್ಲ. ಅದಕ್ಕೆ ಪೆರಿಸ್ಕೋಪ್ ಎತ್ತಿ ಕಣ್ಣಿಂದಲೇ ನೋಡಬೇಕು, ಹತ್ತಿರ ಹೋಗಬೇಕು. ರಾತ್ರಿ ದೀಪ ಆರಿಸಿಕೊಂಡು ಹೋಗುವ ಹಡಗಿನ ಗುರುತು ಹಿಡಿಯುವುದು ಹೇಗೆ? ತಟಸ್ಥ ದೇಶದ ಹಡಗು ಮುಳುಗಿದ್ದರೆ ಆಗುತ್ತಿದ್ದ ರಾದ್ಧಾಂತ ನೆನೆದರೆ ಆ ಅಪ್ಪಣೆ ತಪ್ಪೆನ್ನಲಾಗದು.

ಪ್ರಶ್ನೆ: ನೀರೊಳಗೆ ಡೀಸೆಲ್ ಎಂಜಿನ್‌ಗೆ ಗಾಳಿ ಎಲ್ಲಿಂದ? (ವಾಸ್ಕೊ)

ಉತ್ತರ: ಪೂರ್ತಿ ಮುಳುಗಿದಾಗ ಡೀಸೆಲ್ ಬಂದ್, ಬ್ಯಾಟರಿಯಿಂದ ನಡೆಯುವ ಮೋಟಾರಿನದೇ ಓಟ. ಫಾಕ್ಸ್‌ಟ್ರಾಟ್‌ನಲ್ಲಿ 112 ಸೆಲ್‌ಗಳ 4 ಗುಂಪು, ಅಂದರೆ 448 ಲೆಡ್-ಆಸಿಡ್ ಸೆಲ್. ಇಲ್ಲಿ ಜಿಪುಣತನವೇ ಜಾಣತನ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟು; ಅಷ್ಟೇ ದೂರ ಹೋಗಲು ಕರೆಂಟು ನಾಲ್ಕು ಪಟ್ಟು ಖರ್ಚು. ತೆವಳಿದರೆ ದಿನಗಟ್ಟಲೆ ಬರುವ ಚಾರ್ಜ್ ಓಡಿದರೆ ಕೆಲವೇ ಗಂಟೆಯಲ್ಲಿ ಖಾಲಿ. ಹಾಗಾಗಿ ವೇಗದ ಹಡಗನ್ನು ಬೆನ್ನಟ್ಟುವ ಮಾತೇ ಇಲ್ಲ, ಅದು ಬರುವ ದಾರಿಯಲ್ಲಿ ಕಾದಿರಬೇಕು.

ಚಾರ್ಜ್ ಮಾಡಲು ಪೆರಿಸ್ಕೋಪ್ ಆಳಕ್ಕೆ ಬಂದು ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಎತ್ತಿ ಡೀಸೆಲ್ ಎಂಜಿನ್ ಓಡಿಸುತ್ತಾರೆ, ಹೆಚ್ಚಾಗಿ ರಾತ್ರಿ. ಅಲೆ ಬಡಿದರೆ ಕೊಳವೆಯ ತಲೆಯ ವಾಲ್ವ್ ಮುಚ್ಚುತ್ತದೆ. ಎಂಜಿನ್ ಮಾತ್ರ ಒಳಗಿನ ಗಾಳಿಯನ್ನೇ ಎಳೆಯುತ್ತಿರುತ್ತದೆ. ಒಳಗಿನ ಒತ್ತಡ ಇಳಿದು, ಖಂಡಾಳಾ ಘಾಟಿ ಹತ್ತುವಾಗಿನಂತೆ ಎಲ್ಲರ ಕಿವಿ ಕಟ್ಟುತ್ತದೆ. ವಾಲ್ವ್ ಬೇಗ ತೆರೆಯದಿದ್ದರೆ ಎಂಜಿನ್ ನಿಲ್ಲಿಸಲೇಬೇಕು.

ಚಾರ್ಜ್ ತುಂಬುತ್ತ ಬಂದ ಹಾಗೆ ಸೆಲ್‌ಗಳು ಹೈಡ್ರೋಜನ್ ಬಿಡುವುದು ಹೆಚ್ಚು. ಗಾಳಿಯಲ್ಲಿ ಅದು 4 ಶೇಕಡಾ ಮುಟ್ಟಿದರೆ ಕಿಡಿಯೊಂದೇ ಸಾಕು. ಅದಕ್ಕೇ ಕೊನೆಯಲ್ಲಿ ಕರೆಂಟು ಇಳಿಸುತ್ತಾರೆ, ಫ್ಯಾನ್ ನಿಲ್ಲಿಸುವುದಿಲ್ಲ. ಇನ್ನೊಂದು ಭಯ ಉಪ್ಪುನೀರು: ಬ್ಯಾಟರಿಗೆ ಸೇರಿದರೆ ಏಳುವುದು ಕ್ಲೋರಿನ್, ಮುಚ್ಚಿದ ಡಬ್ಬಿಯೊಳಗೆ ವಿಷಗಾಳಿ.

ಪ್ರಶ್ನೆ: ಅದೇ ಯುದ್ಧದಲ್ಲಿ ನಮ್ಮ ಯುದ್ಧನೌಕೆ ಖುಕ್ರಿಯನ್ನು ಹೊಡೆದದ್ದು ಯಾವ ಸಬ್‌ಮರೀನ್? (ಪುಣೆ)

ಉತ್ತರ: ಪಾಕಿಸ್ತಾನದ ಹ್ಯಾಂಗೋರ್, ಫ್ರಾನ್ಸ್‌ನಲ್ಲಿ ಕಟ್ಟಿದ, ಡಾಫ್ನೆ ವರ್ಗದ್ದು. 1971ರ ಡಿಸೆಂಬರ್ 9ರ ರಾತ್ರಿ, ದೀವ್ ಸಮೀಪ. ನಮ್ಮ ಇನ್ನೊಂದು ಯುದ್ಧನೌಕೆ ಕಿರ್ಪಾಣ್ ಮೇಲೆ ಬಿಟ್ಟ ಮೊದಲ ಟಾರ್ಪಿಡೊ ಸಿಡಿಯಲಿಲ್ಲ, ಎರಡನೆಯದು ಖುಕ್ರಿಗೆ ಬಡಿಯಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಸ್ಮಾರಕ ದೀವ್‌ನಲ್ಲಿದೆ.

ಪ್ರಶ್ನೆ: ಕುರ್ಸುರಾ, ಕಾರಂಜ್ ಈಗ ಎಲ್ಲಿವೆ? (ವಾಶಿ)

ಉತ್ತರ: ಕುರ್ಸುರಾ ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿ ಮ್ಯೂಸಿಯಂ ಆಗಿದೆ, ಒಳಗೆ ಹೊಕ್ಕು ನೋಡಬಹುದು. ಕಾರಂಜ್ 2003ರಲ್ಲಿ ನಿವೃತ್ತಿಯಾಯಿತು. ಅದೇ ಹೆಸರಿನ ಹೊಸದನ್ನು ಮುಂಬಯಿಯ ಮಜಗಾಂವ್ ಡಾಕ್ ಕಟ್ಟಿದೆ. 2021ರ ಮಾರ್ಚ್ 10ರಂದು ಇಲ್ಲೇ ನೌಕಾಪಡೆಗೆ ಸೇರಿತು. ಅದೂ ಡೀಸೆಲ್, ಬ್ಯಾಟರಿಯದ್ದೇ.