ತಾಲೂಕು ಶಿಕ್ಷಕರ ಸಂಘಕ್ಕೆ ಹೊಸ ಶಿಕ್ಷಕರನ್ನು ಹೇಗೆ ಸ್ವಾಗತಿಸಬೇಕು? ಗುರುಭವನದಲ್ಲಿ ಒಂದು ಸಮಾರಂಭ ಸಾಕಾ?

ನೀವು ತಾಲೂಕು ಪ್ರಾಥಮಿಕ ಶಾಲಾ ಶಿಕ್ಷಕರ ಸಂಘಕ್ಕೆ ಈಗಷ್ಟೇ ಆಯ್ಕೆಯಾದ ಪದಾಧಿಕಾರಿ ಅಂತ ಬರೆದಿದ್ದೀರಿ. ತಾಲೂಕಿಗೆ ಹೊಸ ಶಿಕ್ಷಕರು ಬಂದಿದ್ದಾರೆ, ಅವರಿಗೆ ಶಾಲು ಹೊದಿಸಿ ಊಟ ಹಾಕಿದರೆ ಸಾಕಾ, ಬೇರೆ ಏನಾದರೂ ಮಾಡಬೇಕಾ ಅಂತ ಕೇಳಿದ್ದೀರಿ.

ನಾನು ಕಲ್ಯಾಣ ಕರ್ನಾಟಕದ ಒಂದು ತಾಲೂಕಿನಲ್ಲಿ ಸಂಘದ ಕೆಲಸ ಮಾಡಿದವನು. ಈಗ ಯಾವ ಹುದ್ದೆಯಲ್ಲೂ ಇಲ್ಲ, ಹಾಗಾಗಿ ಸ್ವಲ್ಪ ಬಿಡುಬೀಸಾಗಿ ಹೇಳಬಹುದು. ಸಮಾರಂಭ ಮಾಡಿ, ಬೇಡ ಅನ್ನಲ್ಲ. ಆದರೆ ಅದನ್ನು ಮೊದಲ ಕೆಲಸ ಮಾಡಿಕೊಳ್ಳಬೇಡಿ. ನಮ್ಮ ಸ್ವಾಗತ ಸಮಾರಂಭಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು. ಶಾಸಕರು ಒಂದೂವರೆ ಗಂಟೆ ತಡವಾಗಿ ಬರುತ್ತಾರೆ. ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಮಾತಾಡುತ್ತಾರೆ, ಜಿಲ್ಲಾ ಅಧ್ಯಕ್ಷರು ಮಾತಾಡುತ್ತಾರೆ, ಮಾಜಿ ಅಧ್ಯಕ್ಷರೂ ಮಾತಾಡುತ್ತಾರೆ. ಹೊಸಬರು ಸಾಲಾಗಿ ಬಂದು ಹೂವು ತಗೊಂಡು, ಫೋಟೋಗೆ ನಿಂತು, ಕೆಳಗಿಳಿದು ಪಲಾವ್ ತಿಂದು ಹೋಗುತ್ತಾರೆ. ಯಾರ ಸಲುವಾಗಿ ಕಾರ್ಯಕ್ರಮವೋ ಅವರ ಕೈಗೆ ಮೈಕ್ ಬರುವುದೇ ಇಲ್ಲ.

ಇನ್ನೊಂದು ಮಾತು. ಬಹಳ ಹೊಸಬರಿಗೆ ಸಂಘದ ಮೊದಲ ಪರಿಚಯ ಆಗೋದು ಸಂಬಳದ ಚೀಟಿಯಲ್ಲಿ. ಸದಸ್ಯತ್ವದ ಹಣ ಅಂತ ಒಂದು ಕಡಿತ ಕಾಣುತ್ತದೆ. ಯಾರು ತಗೊಂಡರು, ಯಾಕೆ ತಗೊಂಡರು, ಗೊತ್ತಿಲ್ಲ. ಮೊತ್ತ ದೊಡ್ಡದಲ್ಲ ನಿಜ. ಆದರೆ ಕೇಳದೆ ತಗೊಂಡದ್ದಕ್ಕೆ ಬೇಜಾರು ಆಗಿಯೇ ಆಗುತ್ತದೆ, ಅಲ್ವಾ? ಆ ಕಡಿತಕ್ಕಿಂತ ಮುಂಚೆ ನೀವೇ ಎದುರಿಗೆ ಹೋಗಿ ಮಾತಾಡಿರಬೇಕು.

ಯಾವಾಗ ಹೋಗಬೇಕು? ಅವರು ಬಿಇಒ ಕಚೇರಿಗೆ ಹಾಜರಾಗಲು ಬರುವ ದಿನವೇ. ಆ ದಿನ ಅವರ ಕೈಯಲ್ಲಿ ಒಂದು ದಪ್ಪ ಫೈಲ್ ಇರುತ್ತದೆ, ಜೊತೆಗೆ ಅಪ್ಪನೋ ಗಂಡನೋ ಅಣ್ಣನೋ ಬಂದಿರುತ್ತಾರೆ. ಕಚೇರಿಯಲ್ಲಿ ಯಾವ ಟೇಬಲ್‌ಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಅಲ್ಲಿ ಸಂಘದವರು ಇಬ್ಬರು ನಿಂತಿದ್ದರೆ ಸಾಕು. ಶಾಲೆಗೆ ಯಾವ ಬಸ್, ಎಷ್ಟು ಹೊತ್ತಿಗೆ, ಹಳ್ಳಿಯಲ್ಲಿ ರೂಮ್ ಸಿಗುತ್ತದಾ ಇಲ್ಲಾ ತಾಲೂಕು ಕೇಂದ್ರದಿಂದ ಓಡಾಡಬೇಕಾ, ಒಬ್ಬಳೇ ಇರುವ ಹುಡುಗಿಗೆ ಯಾವ ಮನೆ ಸುರಕ್ಷಿತ. ಈ ಪ್ರಶ್ನೆಗಳಿಗೆ ಯಾವ ಸುತ್ತೋಲೆಯಲ್ಲೂ ಉತ್ತರ ಇಲ್ಲ. ಆ ಊರಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಮಾತ್ರ ಗೊತ್ತು. ಹೊಸ ನೇಮಕಾತಿಯವರಿಗೆ ಹೆಚ್ಚಾಗಿ ಸಿ ವಲಯದ ಶಾಲೆಗಳೇ ಸಿಗುತ್ತವೆ, ಅಂದರೆ ಪೇಟೆಯಿಂದ ದೂರದ ಹಳ್ಳಿಗಳು. ಅಲ್ಲಿಗೆ ಮೊದಲ ದಿನ ಒಬ್ಬರು ಜೊತೆಗೆ ಹೋಗಿ ಮುಖ್ಯ ಶಿಕ್ಷಕರಿಗೆ ಪರಿಚಯ ಮಾಡಿಕೊಟ್ಟು ಬಂದರೆ ಅವರು ಅದನ್ನು ನಿವೃತ್ತಿವರೆಗೂ ನೆನಪಿಟ್ಟುಕೊಳ್ಳುತ್ತಾರೆ.

ಆಮೇಲಿನ ತಿಂಗಳುಗಳದ್ದು ಕಾಗದದ ಕೆಲಸ. ಸಂಘ ನಿಜವಾಗಿ ಬೇಕಾಗೋದು ಇಲ್ಲೇ. ಅಂಕಪಟ್ಟಿಗಳ ನೈಜತೆ ಪರಿಶೀಲನೆ ಬೋರ್ಡು, ವಿಶ್ವವಿದ್ಯಾಲಯಗಳಿಂದ ಬರಬೇಕು. ಜಾತಿ ಪ್ರಮಾಣಪತ್ರದ ಸಿಂಧುತ್ವ ಇದೆ. ಸಂಬಳ ಆಗುವ ಆನ್‌ಲೈನ್ ವ್ಯವಸ್ಥೆ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಏರಬೇಕು. ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ, ಪ್ರಾನ್ ಅನ್ನೋ ಖಾತೆ ಸಂಖ್ಯೆ ಆಗಬೇಕು, ಸರ್ಕಾರಿ ವಿಮಾ ಇಲಾಖೆಯ ಕೆಜಿಐಡಿ ಪಾಲಿಸಿ ಮಾಡಿಸಬೇಕು, ಸೇವಾ ಪುಸ್ತಕ ತೆರೆಯಬೇಕು. ಇದರಲ್ಲಿ ಒಂದು ನಿಂತರೂ ಮೊದಲ ಸಂಬಳ ತಡ. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಸಾಲ ಮಾಡಿ ಬಾಡಿಗೆ ಕಟ್ಟಿದ ಹೊಸ ಶಿಕ್ಷಕರನ್ನು ನಾನು ನೋಡಿದ್ದೇನೆ. ನಮ್ಮಲ್ಲಿ ಒಂದು ಸಲ ಫೈಲು ಒಂದು ಟೇಬಲ್‌ನಲ್ಲೇ ಕುಳಿತುಬಿಟ್ಟಿತ್ತು. ಸಂಘದಿಂದ ಹೋಗಿ ಪಟ್ಟಿ ಮಾಡಿ, ಯಾರದು ಎಲ್ಲಿ ನಿಂತಿದೆ ಅಂತ ಬರೆದು ಬಿಇಒ ಮುಂದೆ ಇಟ್ಟ ಮೇಲೆ ಮುಂದೆ ಹೋಯಿತು. ಜಗಳ ಆಡಬೇಕಾಗಲಿಲ್ಲ. ಪಟ್ಟಿಯೇ ಸಾಕಾಯಿತು. ನೀವೂ ಹಾಗೇ ಒಂದು ಪಟ್ಟಿ ಇಟ್ಟುಕೊಳ್ಳಿ: ಹೆಸರು, ಶಾಲೆ, ಯಾವ ಕಾಗದ ಬಂತು, ಯಾವುದು ಬಾಕಿ. ಪ್ರತಿ ತಿಂಗಳು ಸುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆ ದಿನ ಅದನ್ನು ತಿದ್ದಿ.

ನಾಮಿನಿ ಹೆಸರು ತುಂಬಿಸಿದ್ದಾರಾ ಅಂತಲೂ ನೋಡಿ. ಇಪ್ಪತ್ತೈದು ವರ್ಷದವರು ಸಾವಿನ ಬಗ್ಗೆ ಯೋಚಿಸಲ್ಲ, ಸಹಜ. ಹೊಸಬರಲ್ಲಿ ಬೈಕ್ ಮೇಲೆ ದೂರ ಓಡಾಡುವವರೇ ಜಾಸ್ತಿ ಅನ್ನೋದನ್ನು ಮರೆಯಬೇಡಿ.

ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿ. ಆ ಎರಡು ವರ್ಷ ಅಂದರೆ ಬಾಯಿ ಮುಚ್ಚಿಕೊಂಡು ಇರಬೇಕು ಅಂತ ಯಾರೋ ಹೆದರಿಸಿರುತ್ತಾರೆ. ರಜೆ ಕೇಳಲೂ ಭಯ. ಹೆರಿಗೆ ರಜೆ 180 ದಿನ, ಪ್ರೊಬೇಷನ್‌ನಲ್ಲಿ ಇರುವವರಿಗೂ ಅದು ಸಿಗುತ್ತದೆ. ಅದನ್ನು ಕೇಳಲು ಹಿಂಜರಿದು ಸುಮ್ನೆ ಒದ್ದಾಡುವ ಶಿಕ್ಷಕಿಯರು ಇದ್ದಾರೆ. ಸಂಘದ ಸದಸ್ಯರಾದರೆ ಪ್ರೊಬೇಷನ್‌ಗೆ ತೊಂದರೆ ಆಗುತ್ತದಾ ಅಂತಲೂ ಕೇಳುತ್ತಾರೆ. ಆಗಲ್ಲ. ಸಂಘ ಕಟ್ಟಿಕೊಳ್ಳುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ.

ಆದರೆ ಅದರ ಮಿತಿಯನ್ನೂ ಅಷ್ಟೇ ನೇರವಾಗಿ ಹೇಳಿ. ನಮ್ಮದು ಕಾರ್ಖಾನೆಯ ಕಾರ್ಮಿಕ ಸಂಘದ ಹಾಗೆ ಅಲ್ಲ. ಆಗ ಇದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಶಿಕ್ಷಕರು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಗೋವಾದ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ ಹೇಳಿದೆ. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕು ಇಲ್ಲ ಅಂತ 2003ರಲ್ಲಿ ತಮಿಳುನಾಡಿನ ಮೊಕದ್ದಮೆಯಲ್ಲಿ ಹೇಳಿತು. ಹಾಗಿದ್ದರೂ 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಶಾಲೆಗಳೂ ನಿಂತವು. ಅದೇ ದಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು, ಮುಷ್ಕರವೂ ಮುಗಿಯಿತು. ಮುಂದೆ 7ನೇ ವೇತನ ಆಯೋಗದ ಶಿಫಾರಸು ಶೇ 27.5 ಫಿಟ್‌ಮೆಂಟ್‌ನೊಂದಿಗೆ (ಮೂಲ ವೇತನ ಪರಿಷ್ಕರಿಸುವಾಗ ಸೇರಿಸುವ ಹೆಚ್ಚಳ) 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಹೊಸಬರ ಇವತ್ತಿನ ಮೂಲ ವೇತನದ ಹಿಂದೆ ಇದೆಲ್ಲ ಇದೆ. ಇದನ್ನು ಹೇಳಿ. ಜೊತೆಗೆ, ಹಳೇ ಪಿಂಚಣಿ ಇನ್ನೂ ಬಂದಿಲ್ಲ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಲ್ಲಿ ಬಹುಪಾಲು ಎನ್‌ಪಿಎಸ್‌ನಲ್ಲಿದ್ದಾರೆ, ಅದಕ್ಕೆ ಹೋರಾಡಲು ಬೇರೆ ಸಂಘವೇ ಹುಟ್ಟಿಕೊಂಡಿದೆ ಅನ್ನೋದನ್ನೂ ಹೇಳಿ. ಗೆದ್ದದ್ದನ್ನು ಮಾತ್ರ ಹೇಳಿದರೆ ನಂಬಲ್ಲ.

ಒಂದು ಭರವಸೆ ಮಾತ್ರ ಯಾವತ್ತೂ ಕೊಡಬೇಡಿ: ವರ್ಗಾವಣೆ ಮಾಡಿಸಿಕೊಡ್ತೀವಿ ಅನ್ನೋದು. 2007ರ ಕಾಯ್ದೆ ಬಂದ ಮೇಲೆ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ, ಅಂದರೆ ಎಲ್ಲರ ಎದುರು ಸ್ಥಳ ಆರಿಸಿಕೊಳ್ಳುವ ಕ್ರಮದಲ್ಲಿ, ನಡೆಯುತ್ತದೆ, ಈಗ 2020ರ ಕಾಯ್ದೆ ಇದೆ. ನಾಯಕರ ಕಿಸೆಯಲ್ಲಿ ವರ್ಗಾವಣೆ ಇಲ್ಲ. ಇದೆ ಅಂತ ತೋರಿಸಿಕೊಳ್ಳುವವರು ಎಲ್ಲ ತಾಲೂಕಿನಲ್ಲೂ ಇದ್ದಾರೆ. ಹೊಸಬರು ಮೊದಲು ಸಿಕ್ಕಿಬೀಳೋದು ಅವರ ಕೈಗೇ.

(ಹಾಗೇ ಒಂದು ಸಣ್ಣ ವಿಷಯ. ಶಿಕ್ಷಕರ ಕ್ಷೇತ್ರದ ಎಂಎಲ್‌ಸಿ ಚುನಾವಣೆಯಲ್ಲಿ ತಮಗೆ ಓಟು ಇದೆ ಅಂತ ಹೊಸಬರು ಅಂದುಕೊಂಡಿರುತ್ತಾರೆ. ಇಲ್ಲ. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಹೆಸರಲ್ಲಿ 7 ಸ್ಥಾನ ಇದ್ದರೂ ಪ್ರಾಥಮಿಕ ಶಿಕ್ಷಕರು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಪದವೀಧರರ ಕ್ಷೇತ್ರದಲ್ಲಿ ಹೆಸರು ಸೇರಿಸಿಕೊಳ್ಳಲು ಹೇಳಿ.)

ಈಗ ಯಾರೂ ವೇದಿಕೆ ಮೇಲೆ ಮಾತಾಡದ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೊಸಬರಲ್ಲಿ ಬಹುಪಾಲು ಜಿಪಿಟಿಗಳು ಇರಬೇಕು, 6ರಿಂದ 8ನೇ ತರಗತಿಗೆ ಬಂದ ಪದವೀಧರ ಶಿಕ್ಷಕರು. ನಿಮ್ಮ ಸಂಘದ ಹಳಬರಲ್ಲಿ ಬಹುಪಾಲು ಪಿಎಸ್‌ಟಿಗಳು, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು. 1ರಿಂದ 7ನೇ ತರಗತಿಗೆ ಅಂತ ನೇಮಕವಾಗಿ, 2017ರ ವೃಂದ (ಹುದ್ದೆಯ ವರ್ಗ) ಮತ್ತು ನೇಮಕಾತಿ ನಿಯಮ ಬಂದ ಮೇಲೆ 1ರಿಂದ 5ಕ್ಕೆ ಇಳಿದವರು. ಅವರಲ್ಲೂ ಪದವಿ, ಬಿಇಡಿ ಆದವರು ಎಷ್ಟೋ ಜನ. ಇಪ್ಪತ್ತು ವರ್ಷ ಏಳನೇ ತರಗತಿಗೆ ಗಣಿತ ಹೇಳಿದವರಿಗೆ ಈಗ ನಿನ್ನ ವೃಂದ ಕೆಳಗಿನದು ಅಂದರೆ ಹೇಗಿರುತ್ತದೆ? 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಷ್ಟು ಜನ ಸೇರಿದ್ದು ಇದಕ್ಕೇ. ಸೇವೆಯಲ್ಲಿರುವ ಪದವೀಧರರನ್ನೂ ಜಿಪಿಟಿ ಅಂತ ಪರಿಗಣಿಸಬೇಕು ಅನ್ನೋದು ಅವರ ಬೇಡಿಕೆ.

ಇದನ್ನೇ ಹೊಸ ಜಿಪಿಟಿಯ ಕಡೆಯಿಂದ ನೋಡಿ. ಅವರು ಬರೆದದ್ದು 15,000 ಹುದ್ದೆಗಳ ಪರೀಕ್ಷೆ, 2022ರ ಮೇ ತಿಂಗಳಲ್ಲಿ. ಮದುವೆಯಾದ ಹೆಣ್ಣುಮಕ್ಕಳು ಜಾತಿ, ಆದಾಯ ಪ್ರಮಾಣಪತ್ರವನ್ನು ತಂದೆ ಹೆಸರಲ್ಲಿ ಕೊಡಬೇಕಾ, ಗಂಡನ ಹೆಸರಲ್ಲಿ ಕೊಡಬೇಕಾ ಅನ್ನೋ ವಿವಾದ ಹೈಕೋರ್ಟ್‌ಗೆ ಹೋಗಿ, ನೇಮಕಾತಿ ಆದೇಶ ಕೈಗೆ ಸಿಗುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಅಷ್ಟು ಕಾಲ ಅವರಿಗಾಗಿ ಓಡಾಡಿದ್ದು ಅವರದೇ ವಾಟ್ಸಾಪ್ ಗ್ರೂಪ್‌ಗಳು. ವಕೀಲರ ಫೀಸಿಗೆ ದುಡ್ಡು ಸೇರಿಸಿದ್ದೂ ಅವರೇ. ಅಂದರೆ ಒಗ್ಗಟ್ಟು ಏನು ಅಂತ ಅವರಿಗೆ ನಾವು ಪಾಠ ಮಾಡಬೇಕಾಗಿಲ್ಲ. ಸೇರಿದ ಮೇಲೆ ಸಂಘದ ಮೊದಲ ಸಭೆಯಲ್ಲೇ ಅವರ ಕಿವಿಗೆ ಬೀಳೋದು ಜಿಪಿಟಿಗಳಿಂದ ನಮಗೆ ಅನ್ಯಾಯ ಅನ್ನೋ ಮಾತು. ಮುಂದಿನ ಸಭೆಗೆ ಯಾಕೆ ಬರುತ್ತಾರೆ? ಪದವೀಧರ ಶಿಕ್ಷಕರ ಸಂಘ ಬೇರೆ ಆಗಿ ನಿಲ್ಲಲು ಇದು ದೊಡ್ಡ ಕಾರಣ.

ಇದನ್ನು ಮುಚ್ಚಿಟ್ಟು ನಾವೆಲ್ಲ ಒಂದೇ ಕುಟುಂಬ ಅಂದರೆ ಉಪಯೋಗ ಇಲ್ಲ. ಹೊಸಬರನ್ನೂ ಹಳಬರನ್ನೂ ಒಟ್ಟಿಗೆ ಕೂರಿಸಿ, ಮೈಕ್ ಇಲ್ಲದೆ, ಎರಡೂ ಕಡೆಯವರ ಮಾತು ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಹಳಬರ ಬೇಡಿಕೆ ನ್ಯಾಯವೇ. ಆದರೆ ಆ ನಿಯಮ ಬರೆದದ್ದು ಇಲಾಖೆ, ಹೊಸದಾಗಿ ಪರೀಕ್ಷೆ ಪಾಸಾಗಿ ಬಂದ ಹುಡುಗಿ ಅಲ್ಲ. ಹಳಬರಿಗೆ ಜಿಪಿಟಿ ಸಿಕ್ಕರೆ ಜ್ಯೇಷ್ಠತೆ ಪಟ್ಟಿಯಲ್ಲಿ ತಮ್ಮ ಸ್ಥಾನ ಏನಾಗುತ್ತದೆ ಅಂತ ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಂಘ ಮನವಿ ಬರೆಯುವಾಗಲೇ ಅದಕ್ಕೆ ಉತ್ತರ ಇರಬೇಕು.

ವಿಚಿತ್ರ ಅಂದರೆ ಈಗ ತಕ್ಕಡಿ ಇನ್ನೊಂದು ಕಡೆಗೂ ವಾಲಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬಗ್ಗೆ ತೀರ್ಪು ಕೊಟ್ಟಿತಲ್ಲ. ಐದು ವರ್ಷಕ್ಕಿಂತ ಜಾಸ್ತಿ ಸೇವೆ ಬಾಕಿ ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಬಡ್ತಿ ಬೇಕು ಅನ್ನುವವರಿಗೂ ಅದು ಬೇಕೇ ಬೇಕು ಅಂತ. ಹಳಬರ ನಿದ್ದೆ ಕೆಟ್ಟಿದೆ. ಐವತ್ತು ವರ್ಷದ ಮೇಡಂ ಒಬ್ಬರು ಮಕ್ಕಳ ಮನೋವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಾರೆ. ನಿಮ್ಮ ಹೊಸಬರೋ, ಪ್ರತಿಯೊಬ್ಬರೂ ಟಿಇಟಿ ದಾಟಿಯೇ ಬಂದವರು. ಯಾವ ಭಾಗಕ್ಕೆ ಎಷ್ಟು ಅಂಕ, ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತವೆ, ಸಮಯ ಹೇಗೆ ಹಂಚಿಕೊಳ್ಳಬೇಕು ಅನ್ನೋದು ಅವರಿಗೆ ಬಾಯಿಪಾಠ. ಅವರನ್ನು ಕರೆದು, ಭಾನುವಾರ ಗುರುಭವನದಲ್ಲಿ ನಮ್ಮವರಿಗೆ ಸ್ವಲ್ಪ ಹೇಳಿಕೊಡ್ತೀರಾ ಅಂತ ಕೇಳಿ. ಸಂಘಕ್ಕೆ ತಾವು ಬೇಕು ಅಂತ ಹೊಸಬರಿಗೆ ಅನಿಸಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣಲ್ಲ. ಕೂತು ಕಲಿತ ಹಳಬರು ನಾಳೆ ಜಿಪಿಟಿಗಳ ಬಗ್ಗೆ ಮಾತಾಡುವಾಗ ನಾಲಿಗೆ ಸ್ವಲ್ಪ ಬಿಗಿ ಹಿಡಿಯುತ್ತಾರೆ, ಅದೂ ಲಾಭವೇ.

ಹೆಣ್ಣುಮಕ್ಕಳ ವಿಷಯ ಬಿಡೋಕಾಗಲ್ಲ. ಶಾಲೆಗಳಲ್ಲಿ ಅವರೇ ತುಂಬಿದ್ದಾರೆ, ಸಂಘದ ಮೇಜಿನ ಸುತ್ತ ಗಂಡಸರು. ಉಪಾಧ್ಯಕ್ಷೆ ಅಂತ ಒಂದು ಕುರ್ಚಿ ಕೊಟ್ಟು ದೀಪ ಹಚ್ಚಲು ಕರೆಯುತ್ತೇವೆ. ಸಂಜೆ ಐದೂವರೆಗೆ ಸಭೆ ಕರೆದು, ಶಿಕ್ಷಕಿಯರು ಬರಲ್ಲ ಅಂತ ದೂರುತ್ತೇವೆ. ಕೊನೇ ಬಸ್ ಆರಕ್ಕೆ ಹೋದರೆ ಅವರು ಬರೋದು ಹೇಗೆ? ಕ್ಲಸ್ಟರ್ ಸಭೆ ಮುಗಿದ ತಕ್ಷಣ ಅಲ್ಲೇ ಅರ್ಧ ಗಂಟೆ ಕೂರಿ. ಹೊಸ ಶಿಕ್ಷಕಿಯರಲ್ಲಿ ಇಬ್ಬರಿಗೆ ನಿಜವಾದ ಕೆಲಸ ಕೊಡಿ. ಆಗ ಹೇಳಿದ ಬಾಕಿ ಕಾಗದಗಳ ಪಟ್ಟಿ ನೋಡಿಕೊಳ್ಳುವ ಕೆಲಸವನ್ನೇ ಕೊಡಬಹುದು. ಖಜಾಂಚಿ ಮಾಡಿದರೆ ಇನ್ನೂ ಒಳ್ಳೆಯದು.

ಖಜಾಂಚಿ ಅಂದ ಮೇಲೆ ಲೆಕ್ಕ. ತಾಲೂಕಿಗೆ ಬಂದ ಹಣ ಎಷ್ಟು, ಖರ್ಚು ಯಾವುದಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಹೊಸಬರ ಕೈಗೆ ಕೊಡಿ. ಡೈರಿ, ಕ್ಯಾಲೆಂಡರ್, ಗುರುಭವನದ ದೇಣಿಗೆ, ಇವನ್ನೆಲ್ಲ ಮೊದಲ ವರ್ಷ ಅವರ ಹತ್ತಿರ ಕೇಳಬೇಡಿ. ಸಂಘದ ಚುನಾವಣೆ ಹತ್ತಿರ ಇದ್ದರಂತೂ ಅವರನ್ನು ನಮ್ಮ ಬಣ, ನಿಮ್ಮ ಬಣ ಅಂತ ಎಳೆದಾಡಬೇಡಿ. ಹೇಳಿದರೂ ಎಳೆಯುತ್ತಾರೆ, ನನಗೆ ಗೊತ್ತು.

ಇಷ್ಟೆಲ್ಲ ನಡೆದು ಎರಡು ಮೂರು ತಿಂಗಳಾದ ಮೇಲೆ ಸಮಾರಂಭ ಇಡಿ. ಅಷ್ಟೊತ್ತಿಗೆ ಹೊಸಬರಿಗೆ ನೀವು ಯಾರು ಅಂತ ಗೊತ್ತಿರುತ್ತದೆ. ಭಾಷಣಗಳನ್ನು ಮೂರಕ್ಕೆ ನಿಲ್ಲಿಸಿ, ಹೊಸಬರಲ್ಲಿ ಮಾತಾಡುವ ಮನಸ್ಸಿದ್ದವರಿಗೆ ಮೈಕ್ ಕೊಡಿ. ವೇದಿಕೆಯ ಪಕ್ಕ ಒಂದು ಟೇಬಲ್ ಹಾಕಿ, ಬಿಇಒ ಕಚೇರಿಯಲ್ಲಿ ಫೈಲು ನೋಡಿಕೊಳ್ಳುವ ಕೇಸ್ ವರ್ಕರ್ ಒಬ್ಬರನ್ನು ಕೂರಿಸಿ, ಬಾಕಿ ಕಾಗದ ಇದ್ದವರು ಅಲ್ಲೇ ಕೇಳಿ ತಿಳಿದುಕೊಳ್ಳಲಿ. ದಿನ ಗೊತ್ತು ಮಾಡುವಾಗ ಮಾತ್ರ ಸಂಬಳದ ಬಿಲ್ ಕಳಿಸುವ ವಾರ ಬಿಡಿ. ಆ ವಾರ ಕಚೇರಿಯಿಂದ ಯಾರನ್ನು ಕರೆದರೂ ಬರಲ್ಲ.